ಗ್ರಾನೈಟ್ ಮತ್ತು ಬಸಾಲ್ಟ್: ಹುಟ್ಟು ಮತ್ತು ವರ್ಗೀಕರಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಗ್ನಿಶಿಲೆಗಳ ಮಾತು ಬಂದರೆ ಮೊದಲು ನೆನಪಾಗುವ ಹೆಸರುಗಳು ಇವೆರಡೇ. ಶಾಲೆಯ ಪುಸ್ತಕಗಳು ಇವನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ: ಗ್ರಾನೈಟ್ ನೆಲದೊಳಗೆ ತಣಿದದ್ದು, ಬಸಾಲ್ಟ್ ನೆಲದ ಮೇಲೆ ತಣಿದದ್ದು. ಅದು ಸುಳ್ಳಲ್ಲ, ಆದರೆ ಅರ್ಧ ಮಾತು. ಓದುಗರು ಕೇಳುವ ಹೆಚ್ಚಿನ ಪ್ರಶ್ನೆಗಳು ಬಿಟ್ಟುಹೋದ ಆ ಇನ್ನರ್ಧದಿಂದಲೇ ಹುಟ್ಟುತ್ತವೆ.

ಎರಡೂ ಕರಗಿದ ಕಲ್ಲಿನಿಂದಲೇ ಬಂದವು. ಮತ್ತೆ ಮುಖ್ಯ ವ್ಯತ್ಯಾಸ ಏನು?

ವ್ಯತ್ಯಾಸ ಎರಡು, ಮತ್ತು ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ.

ಮೊದಲನೆಯದು, ಎಲ್ಲಿ ತಣ್ಣಗಾಯಿತು ಎಂಬುದು. ಗ್ರಾನೈಟ್ ಕೆಲವು ಕಿಲೋಮೀಟರ್ ಆಳದಲ್ಲಿ ನಿಧಾನವಾಗಿ ತಣಿದಿದೆ. ಅದಕ್ಕೇ ಅದರ ಹರಳುಗಳು ಬರಿಗಣ್ಣಿಗೆ ಕಾಣುತ್ತವೆ. ಬಸಾಲ್ಟ್ ಲಾವಾ ಆಗಿ ಹೊರಗೆ ಹರಿದು ಬೇಗ ಗಟ್ಟಿಯಾಗಿದೆ. ಅದರ ಹರಳುಗಳನ್ನು ನೋಡಲು ಸೂಕ್ಷ್ಮದರ್ಶಕ ಬೇಕು.

ಎರಡನೆಯದು, ಯಾವುದರಿಂದ ಆಗಿದೆ ಎಂಬುದು. ಗ್ರಾನೈಟಿನಲ್ಲಿ ಸಾಮಾನ್ಯವಾಗಿ ಶೇಕಡಾ 70ರ ಆಸುಪಾಸು ಇಲ್ಲವೇ ಅದಕ್ಕಿಂತ ಜಾಸ್ತಿ ಸಿಲಿಕಾ (ಸಿಲಿಕಾನ್ ಮತ್ತು ಆಮ್ಲಜನಕ ಸೇರಿದ್ದು) ಇರುತ್ತದೆ. ಜೊತೆಗೆ ಪೊಟ್ಯಾಸಿಯಂ, ಸೋಡಿಯಂ. ಬಸಾಲ್ಟಿನಲ್ಲಿ ಸಿಲಿಕಾ ಶೇಕಡಾ 45ರಿಂದ 52 ಮಾತ್ರ. ಕಬ್ಬಿಣ, ಮೆಗ್ನೀಸಿಯಂ, ಕ್ಯಾಲ್ಸಿಯಂ ಅದರಲ್ಲಿ ಹೆಚ್ಚು. ಹಾಗಾಗಿ ಖನಿಜಗಳೂ ಬೇರೆ. ಗ್ರಾನೈಟಿನಲ್ಲಿ ಬೆಣಚು, ಎರಡು ಬಗೆಯ ಫೆಲ್ಡ್‌ಸ್ಪಾರ್, ಸ್ವಲ್ಪ ಅಭ್ರಕ ಇಲ್ಲವೇ ಹಾರ್ನ್‌ಬ್ಲೆಂಡ್ ಇರುತ್ತವೆ. ಬಸಾಲ್ಟಿನಲ್ಲಿ ಕ್ಯಾಲ್ಸಿಯಂ ಹೆಚ್ಚಿರುವ ಪ್ಲೇಜಿಯೋಕ್ಲೇಸ್ ಎಂಬ ಫೆಲ್ಡ್‌ಸ್ಪಾರ್ ಮತ್ತು ಪೈರಾಕ್ಸೀನ್ ಇರುತ್ತವೆ. ಕೆಲವೊಮ್ಮೆ ಆಲಿವೀನ್, ಯಾವಾಗಲೂ ಒಂದಿಷ್ಟು ಕಬ್ಬಿಣದ ಆಕ್ಸೈಡ್ ಸೇರಿರುತ್ತವೆ.

ಹಾಗಾದರೆ ಬಸಾಲ್ಟಿನ ಮ್ಯಾಗ್ಮಾ (ನೆಲದೊಳಗಿನ ಕರಗಿದ ಕಲ್ಲು) ಹೊರಗೆ ಬರದೆ ಒಳಗೇ ನಿಧಾನವಾಗಿ ತಣಿದರೆ ಗ್ರಾನೈಟ್ ಆಗುತ್ತಾ?

ಇಲ್ಲ. ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಹಾಗೆ ತಣಿದರೆ ಆಗುವುದು ಗ್ಯಾಬ್ರೋ. ಅದರಲ್ಲಿರುವುದು ಬಸಾಲ್ಟಿನ ಖನಿಜಗಳೇ, ಹರಳು ಮಾತ್ರ ದಪ್ಪ. ಗ್ಯಾಬ್ರೋಗಿಂತ ಕಡಿಮೆ ಆಳದಲ್ಲಿ, ಬಿರುಕುಗಳಲ್ಲಿ ಸಿಕ್ಕಿ ತಣಿದರೆ ನಡುವಿನ ಗಾತ್ರದ ಹರಳುಗಳಿರುವ ಡೋಲರೈಟ್. ಇತ್ತ ಗ್ರಾನೈಟಿನ ಮ್ಯಾಗ್ಮಾ ಹೊರಗೆ ಉಕ್ಕಿದರೆ ಅದು ಬಸಾಲ್ಟ್ ಆಗುವುದಿಲ್ಲ, ರಯೋಲೈಟ್ ಆಗುತ್ತದೆ. ತೀರಾ ಬೇಗ ತಣಿದರೆ ಹರಳೇ ಮೂಡದೆ ಅಬ್ಸಿಡಿಯನ್ ಎಂಬ ಗಾಜು.

ಅಂದರೆ ಗ್ರಾನೈಟಿನ ನಿಜವಾದ ಜೋಡಿ ರಯೋಲೈಟ್, ಬಸಾಲ್ಟಿನ ಜೋಡಿ ಗ್ಯಾಬ್ರೋ. ನಾವು ಹೋಲಿಸುತ್ತಿರುವ ಈ ಎರಡು ಕಲ್ಲುಗಳು ಜಾಗದಲ್ಲೂ ಬೇರೆ, ರಸಾಯನದಲ್ಲೂ ಬೇರೆ. ಭೂಮಿಯಲ್ಲಿ ಇವೆರಡೇ ಅತಿ ಹೆಚ್ಚು ಕಾಣಸಿಗುವ ಅಗ್ನಿಶಿಲೆಗಳಾದ್ದರಿಂದ ಒಟ್ಟಿಗೆ ಇಟ್ಟು ಪಾಠ ಮಾಡುತ್ತಾರೆ, ಅಷ್ಟೇ.

ತಣಿಯುವ ವೇಗವೇ ಹರಳಿನ ಗಾತ್ರವನ್ನು ನಿರ್ಧರಿಸುತ್ತದೆ ಎಂದು ಹೇಗೆ ಗೊತ್ತಾಯಿತು?

ಸ್ಕಾಟ್‌ಲೆಂಡಿನ ಜೇಮ್ಸ್ ಹಾಲ್ ಇದನ್ನು ಕುಲುಮೆಯಲ್ಲಿ ಮಾಡಿ ತೋರಿಸಿದರು. ಬಸಾಲ್ಟಿನಂಥ ಕಲ್ಲನ್ನು ಕರಗಿಸಿ ಬೇಗ ತಣಿಸಿದಾಗ ಗಾಜು ಸಿಕ್ಕಿತು. ಅದನ್ನೇ ಮತ್ತೆ ಕಾಯಿಸಿ ನಿಧಾನವಾಗಿ ತಣಿಸಿದಾಗ ಹರಳುಗಳುಳ್ಳ ಕಲ್ಲು ವಾಪಸು ಬಂತು. ಈ ಫಲಿತಾಂಶವನ್ನು ಅವರು 1798ರಲ್ಲಿ ಮಂಡಿಸಿದರು. ಬಸಾಲ್ಟ್ ಸಮುದ್ರದ ನೀರಿನಿಂದ ತಳಕ್ಕಿಳಿದು ಆದ ಕಲ್ಲು ಎಂದು ಜರ್ಮನಿಯ ಭೂವಿಜ್ಞಾನಿ ವರ್ನರ್ ಮತ್ತು ಅವರ ಶಿಷ್ಯರು ವಾದಿಸುತ್ತಿದ್ದ ಕಾಲ ಅದು. 1763ರಲ್ಲೇ ಫ್ರಾನ್ಸಿನ ಓವರ್ನ್ ಪ್ರದೇಶದಲ್ಲಿ ನಿಕೊಲಾ ದೆಮಾರೆ ಬಸಾಲ್ಟ್ ಕಂಬಗಳ ಜಾಡು ಹಿಡಿದು ಹೋಗಿ, ಅವು ಹಳೆಯ ಜ್ವಾಲಾಮುಖಿಗಳ ಲಾವಾಕ್ಕೆ ಸೇರಿದವು ಎಂದು ಕಂಡುಕೊಂಡಿದ್ದರು. ಆದರೂ ವಾದ ಮುಗಿಯಲು ದಶಕಗಳೇ ಹಿಡಿದವು.

ನಮ್ಮ ಕಾಲದ ಒಂದು ಉದಾಹರಣೆಯೂ ಇದೆ. 1959ರಲ್ಲಿ ಹವಾಯಿಯ ಕಿಲೌಯಾ ಇಕಿ ಕುಳಿಯಲ್ಲಿ ನೂರು ಮೀಟರಿಗೂ ಹೆಚ್ಚು ಆಳದ ಲಾವಾ ಕೆರೆ ನಿಂತಿತು. ಅದು ಪೂರ್ತಿ ಗಟ್ಟಿಯಾಗಲು 1990ರ ದಶಕದ ನಡುಭಾಗದವರೆಗೆ ಕಾಯಬೇಕಾಯಿತು. ಬರೀ ನೂರಿಪ್ಪತ್ತು ಮೀಟರ್ ದಪ್ಪಕ್ಕೆ ಮೂರೂವರೆ ದಶಕ! ಹಲವು ಕಿಲೋಮೀಟರ್ ಕಲ್ಲಿನ ಹೊದಿಕೆಯ ಕೆಳಗಿರುವ ಮ್ಯಾಗ್ಮಾಗೆ ಎಷ್ಟು ಕಾಲ ಹಿಡಿಯಬಹುದು ಎಂದು ಇದರಿಂದ ಊಹಿಸಬಹುದು.

ಈ ನಿಯಮಕ್ಕೆ ಒಂದು ಅಪವಾದ ಇದೆ. ಪೆಗ್ಮಟೈಟ್ ಎಂಬ ಗ್ರಾನೈಟ್ ಕುಟುಂಬದ ಕಲ್ಲಿನಲ್ಲಿ ಮೀಟರ್ ಉದ್ದದ ಹರಳುಗಳೂ ಸಿಗುತ್ತವೆ. ಅಲ್ಲಿ ಮುಖ್ಯ ಕಾರಣ ನಿಧಾನ ಅಲ್ಲ. ಕೊನೆಯಲ್ಲಿ ಉಳಿದ ಮ್ಯಾಗ್ಮಾದಲ್ಲಿ ನೀರು, ಬೋರಾನ್, ಫ್ಲೋರಿನ್ ತುಂಬಿಕೊಂಡಿರುತ್ತವೆ. ಪರಮಾಣುಗಳು ಅದರಲ್ಲಿ ಸಲೀಸಾಗಿ ಓಡಾಡುತ್ತವೆ. ಹರಳಿನ ಬೀಜಗಳು ಕಡಿಮೆ ಹುಟ್ಟುತ್ತವೆ, ಹುಟ್ಟಿದವು ದೊಡ್ಡದಾಗಿ ಬೆಳೆಯುತ್ತವೆ.

ಬಸಾಲ್ಟ್ ಹುಟ್ಟುವುದು ಎಲ್ಲಿ?

ಭೂಮಿಯ ಮ್ಯಾಂಟಲಿನಲ್ಲಿ. ತೊಗಟೆಯ ಕೆಳಗೆ ಕರಗಿದ ಲಾವಾದ ಸಮುದ್ರವಿದೆ ಎಂದು ತುಂಬಾ ಜನ ನಂಬಿದ್ದಾರೆ. ಅದು ತಪ್ಪು. ಮ್ಯಾಂಟಲ್ ಬಹುತೇಕ ಗಟ್ಟಿ ಕಲ್ಲು. ಪೆರಿಡೋಟೈಟ್ ಎಂಬ, ಆಲಿವೀನ್ ತುಂಬಿದ ಹಸಿರು ಕಲ್ಲು. ಅದು ಕಾದಿದೆ ನಿಜ, ಆದರೆ ಮೇಲಿನ ಒತ್ತಡ ಅದನ್ನು ಕರಗಲು ಬಿಡುವುದಿಲ್ಲ.

ಕರಗಬೇಕಾದರೆ ಒತ್ತಡ ಇಳಿಯಬೇಕು, ಇಲ್ಲವೇ ನೀರು ಸೇರಬೇಕು, ಇಲ್ಲವೇ ಬಿಸಿ ಇನ್ನೂ ಏರಬೇಕು. ಮೂರೂ ನಡೆಯುತ್ತವೆ. ಸಾಗರದ ನಡುವೆ ಭೂಫಲಕಗಳು ದೂರ ಸರಿಯುವಲ್ಲಿ ಮ್ಯಾಂಟಲ್ ನಿಧಾನವಾಗಿ ಮೇಲೇರುತ್ತದೆ. ಏರಿದಂತೆ ಒತ್ತಡ ಇಳಿಯುತ್ತದೆ. ಬಿಸಿ ಹೆಚ್ಚದೆಯೇ ಕಲ್ಲು ಕರಗತೊಡಗುತ್ತದೆ. ಬಸಾಲ್ಟಿನ ಅತಿ ದೊಡ್ಡ ಕಾರ್ಖಾನೆ ಇದೇ. ಸುಮಾರು 65,000 ಕಿಲೋಮೀಟರ್ ಉದ್ದದ ಸಾಗರಮಧ್ಯ ಏಣುಗಳಲ್ಲಿ ಇದು ಎಡೆಬಿಡದೆ ನಡೆಯುತ್ತಿದೆ. ಒಂದು ಫಲಕ ಇನ್ನೊಂದರ ಕೆಳಗೆ ಮುಳುಗುವ ಕಡೆ, ಸುಮಾರು 100 ಕಿಲೋಮೀಟರ್ ಆಳದಲ್ಲಿ, ಮುಳುಗಿದ ಫಲಕ ನೀರು ಬಿಡುತ್ತದೆ. ಆ ನೀರು ಮೇಲಿನ ಮ್ಯಾಂಟಲಿನ ಕರಗುವ ಬಿಂದುವನ್ನು ಇಳಿಸುತ್ತದೆ. ಹವಾಯಿಯಂಥ ಜಾಗಗಳಲ್ಲಿ ಆಳದಿಂದ ಹೆಚ್ಚು ಕಾದ ಮ್ಯಾಂಟಲ್ ಎದ್ದು ಬರುತ್ತದೆ. ದಖ್ಖನ್ ಪ್ರಸ್ಥಭೂಮಿಯ ಸುಮಾರು 6.6 ಕೋಟಿ ವರ್ಷದ ಬಸಾಲ್ಟ್, ಸೈಬೀರಿಯಾದ ಸುಮಾರು 25.2 ಕೋಟಿ ವರ್ಷದ ಬಸಾಲ್ಟ್ ಇವನ್ನೂ ಈ ಕೊನೆಯ ಬಗೆಗೇ ಸೇರಿಸುವವರು ಹೆಚ್ಚು.

ಇನ್ನೊಂದು ಮಾತು. ಪೆರಿಡೋಟೈಟ್ ಪೂರ್ತಿ ಕರಗುವುದಿಲ್ಲ. ಶೇಕಡಾ 10ರ ಆಸುಪಾಸು ಕರಗಿದರೆ ದೊಡ್ಡದು. ಸುಲಭವಾಗಿ ಕರಗುವ ಭಾಗ ಮೊದಲು ಹೊರಬರುವುದರಿಂದ ಆ ದ್ರವದಲ್ಲಿ ಮೂಲ ಕಲ್ಲಿಗಿಂತ ಸಿಲಿಕಾ ಜಾಸ್ತಿ, ಮೆಗ್ನೀಸಿಯಂ ಬಹಳ ಕಡಿಮೆ. ಆ ದ್ರವವೇ ಬಸಾಲ್ಟ್.

ಗ್ರಾನೈಟ್ ಹುಟ್ಟುವುದು ಹೇಗೆ?

ಇದಕ್ಕೆ ಒಂದು ಸಾಲಿನ ಉತ್ತರ ಇಲ್ಲ. ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ ಇದೇ, ಯಾಕೆಂದರೆ ಗ್ರಾನೈಟ್ ಹುಟ್ಟುವುದನ್ನು ಯಾರೂ ಕಣ್ಣಾರೆ ನೋಡಲಾಗದು. ಲಾವಾ ಹರಿಯುವುದು ಕಾಣುತ್ತದೆ. ಗ್ರಾನೈಟ್ ಕಾಣುವುದು ಅದರ ಮೇಲಿದ್ದ ಕಿಲೋಮೀಟರುಗಟ್ಟಲೆ ಕಲ್ಲು ಸವೆದು ಹೋದ ಮೇಲೆ.

1785ರಲ್ಲಿ ಭೂವಿಜ್ಞಾನಿ ಜೇಮ್ಸ್ ಹಟನ್ ಸ್ಕಾಟ್‌ಲೆಂಡಿನ ಗ್ಲೆನ್ ಟಿಲ್ಟ್ ಕಣಿವೆಗೆ ಹೋದರು. ಅಲ್ಲಿ ಕೆಂಪು ಗ್ರಾನೈಟಿನ ಎಳೆಗಳು ಸುತ್ತಲಿನ ಹಳೆಯ ಕಲ್ಲನ್ನು ಸೀಳಿಕೊಂಡು ಒಳನುಗ್ಗಿದ್ದವು. ಒಳನುಗ್ಗಬೇಕಾದರೆ ಗ್ರಾನೈಟ್ ಒಮ್ಮೆ ದ್ರವವಾಗಿ ಇದ್ದಿರಲೇಬೇಕು, ಮತ್ತು ಅದು ಆ ಕಲ್ಲಿಗಿಂತ ಕಿರಿಯದಾಗಿರಬೇಕು. ಗ್ರಾನೈಟ್ ಭೂಮಿಯ ಮೊದಲ ಕಲ್ಲು ಎಂಬ ನಂಬಿಕೆಗೆ ಅಲ್ಲಿ ಪೆಟ್ಟು ಬಿತ್ತು.

ಆದರೆ ಆ ದ್ರವ ಬಂದದ್ದೆಲ್ಲಿಂದ? 1920ರ ದಶಕದಲ್ಲಿ ನಾರ್ಮನ್ ಬೋವೆನ್ ಪ್ರಯೋಗಾಲಯದ ಆಧಾರದ ಮೇಲೆ ಒಂದು ದಾರಿ ತೋರಿಸಿದರು. ಬಸಾಲ್ಟಿನ ಮ್ಯಾಗ್ಮಾ ತಣಿಯುವಾಗ ಆಲಿವೀನ್, ಪೈರಾಕ್ಸೀನ್, ಕ್ಯಾಲ್ಸಿಯಂ ಫೆಲ್ಡ್‌ಸ್ಪಾರ್ ಮೊದಲು ಹರಳಾಗುತ್ತವೆ. ಇವು ಬೇರ್ಪಟ್ಟರೆ ಉಳಿದ ದ್ರವದಲ್ಲಿ ಸಿಲಿಕಾ, ಪೊಟ್ಯಾಸಿಯಂ ಏರುತ್ತಾ ಹೋಗುತ್ತವೆ. ಕೊನೆಗೆ ಉಳಿಯುವುದು ಗ್ರಾನೈಟಿನಂಥ ದ್ರವ. ತರ್ಕ ಸರಿಯಾಗಿದೆ, ಪ್ರಕೃತಿಯಲ್ಲಿ ಹೀಗೆ ಆಗುವುದೂ ಉಂಟು. ತೊಂದರೆ ಇರುವುದು ಲೆಕ್ಕದಲ್ಲಿ. ಹೀಗೆ ಸಿಗುವ ಗ್ರಾನೈಟ್ ಮೂಲ ಬಸಾಲ್ಟಿನ ಸುಮಾರು ಹತ್ತನೇ ಒಂದು ಪಾಲು. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡದಂಥ ನೂರಾರು ಕಿಲೋಮೀಟರ್ ಉದ್ದದ ಗ್ರಾನೈಟ್ ರಾಶಿ ಬರಬೇಕಾದರೆ ಅದರ ಸುಮಾರು ಒಂಬತ್ತು ಪಟ್ಟು ಉಳಿಕೆ ಕಲ್ಲು ಎಲ್ಲೋ ಇರಬೇಕಲ್ವಾ? ಮೇಲಿನ ತೊಗಟೆಯಲ್ಲಿ ಅಷ್ಟು ಕಾಣುವುದಿಲ್ಲ.

ಇನ್ನೊಂದು ಬಣ ಗ್ರಾನೈಟ್ ಕರಗಿಯೇ ಇರಲಿಲ್ಲ ಎಂದಿತು. ಬಿಸಿ ದ್ರವಗಳು ಹಳೆಯ ಕಲ್ಲಿನೊಳಗೆ ಇಂಗಿ, ಗಟ್ಟಿಯಾಗಿ ಇದ್ದ ಹಾಗೇ ಅದನ್ನು ಗ್ರಾನೈಟ್ ಮಾಡಿದವು ಎಂಬುದು ಅವರ ವಾದ. ಇಪ್ಪತ್ತನೇ ಶತಮಾನದ ನಡುಭಾಗದ ತನಕ ಈ ಜಗಳ ಜೋರಾಗಿಯೇ ನಡೆಯಿತು. 1958ರಲ್ಲಿ ಟಟಲ್ ಮತ್ತು ಬೋವೆನ್ ಪ್ರಕಟಿಸಿದ ಪ್ರಯೋಗಗಳು ತಕ್ಕಡಿಯನ್ನು ವಾಲಿಸಿದವು. ಬೆಣಚು ಮತ್ತು ಎರಡು ಫೆಲ್ಡ್‌ಸ್ಪಾರುಗಳನ್ನು ನೀರಿನ ಜೊತೆ ಒತ್ತಡದಲ್ಲಿ ಕಾಯಿಸಿದರೆ, ಅತಿ ಕಡಿಮೆ ಬಿಸಿಯಲ್ಲಿ ಕರಗುವ ಮಿಶ್ರಣ ಯಾವುದೋ ಅದೇ ಮಿಶ್ರಣದ ಸುತ್ತ ನಿಜವಾದ ಗ್ರಾನೈಟುಗಳೂ ಗುಂಪುಗೂಡಿದ್ದವು. ಇದು ಕಾಕತಾಳೀಯ ಆಗಿರಲು ಸಾಧ್ಯವಿಲ್ಲ. ಗ್ರಾನೈಟ್ ಮ್ಯಾಗ್ಮಾದಿಂದಲೇ ಬಂದದ್ದು.

ಇಲ್ಲಿ ನೀರೇ ನಾಯಕ. ಒತ್ತಡದಲ್ಲಿ ಸಾಕಷ್ಟು ನೀರಿದ್ದರೆ ಗ್ರಾನೈಟ್ ಸುಮಾರು 650 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗತೊಡಗುತ್ತದೆ. ಹೊರಗೆ ಚಿಮ್ಮುವ ಬಸಾಲ್ಟ್ ಲಾವಾದ ಬಿಸಿ 1,100ರಿಂದ 1,200 ಡಿಗ್ರಿ. ಈಗ ಎರಡನ್ನೂ ಜೋಡಿಸಿ ನೋಡಿ. ಮ್ಯಾಂಟಲಿನಿಂದ ಎದ್ದ ಬಸಾಲ್ಟ್ ಖಂಡದ ತೊಗಟೆಯ ಬುಡಕ್ಕೆ ಬಂದು ನಿಂತರೆ, ಅದರ ಬಿಸಿಯೇ ಅಲ್ಲಿನ ಕಲ್ಲನ್ನು ಕರಗಿಸಲು ಸಾಕು. ಅಭ್ರಕ, ಹಾರ್ನ್‌ಬ್ಲೆಂಡುಗಳ ಒಳಗೆ ಬಂಧಿಯಾಗಿರುವ ನೀರೂ ಅಲ್ಲೇ ಬಿಡುಗಡೆಯಾಗುತ್ತದೆ. ಕೆಲವು ಕಡೆ ಬಸಾಲ್ಟಿನಿಂದ ಬೇರ್ಪಟ್ಟ ದ್ರವ, ಕೆಲವು ಕಡೆ ಕರಗಿದ ಹಳೆಯ ತೊಗಟೆ, ಬಹಳಷ್ಟು ಕಡೆ ಎರಡರ ಮಿಶ್ರಣ. ಹಿಮಾಲಯದ ತಿಳಿಬಣ್ಣದ ಗ್ರಾನೈಟುಗಳಂತೂ ಬಹುಪಾಲು ತೊಗಟೆಯೇ ದಪ್ಪವಾಗಿ, ಕಾದು, ಕರಗಿ ಬಂದವು.

ಹಾಗಾಗಿ ಬಸಾಲ್ಟ್ ಮ್ಯಾಂಟಲಿನಿಂದ ಒಂದೇ ಹೆಜ್ಜೆಯಲ್ಲಿ ಬರುತ್ತದೆ. ಗ್ರಾನೈಟಿಗೆ ಎರಡು ಹೆಜ್ಜೆಯಾದರೂ ಬೇಕು.

ದೊಡ್ಡ ಗ್ರಾನೈಟ್ ಬೆಟ್ಟ ಅಂದರೆ ಒಂದೇ ಸಲ ತುಂಬಿದ ದೊಡ್ಡ ಮ್ಯಾಗ್ಮಾ ಕೊಳವಾ?

ಹಿಂದೆ ಹಾಗೇ ಅಂದುಕೊಂಡಿದ್ದರು. ಜಿರ್ಕಾನ್ ಹರಳುಗಳಲ್ಲಿನ ಯುರೇನಿಯಂ ಮತ್ತು ಸೀಸವನ್ನು ಅಳೆದು ವಯಸ್ಸು ಹೇಳುವ ವಿಧಾನ ನಿಖರವಾದ ಮೇಲೆ ಚಿತ್ರ ಬದಲಾಯಿತು. ಕ್ಯಾಲಿಫೋರ್ನಿಯಾದ ಯೋಸೆಮಿಟಿಯ ಟುವಾಲಮಿ ಗ್ರಾನೈಟ್ ಸಮೂಹ ಸುಮಾರು 9.5 ಕೋಟಿಯಿಂದ 8.5 ಕೋಟಿ ವರ್ಷಗಳ ನಡುವೆ, ಅಂದರೆ ಒಂದು ಕೋಟಿ ವರ್ಷದ ಅವಧಿಯಲ್ಲಿ, ಕಂತು ಕಂತಾಗಿ ಸೇರಿದ್ದು. ಅಷ್ಟೂ ಕಾಲ ಅಷ್ಟೂ ಜಾಗ ದ್ರವವಾಗಿ ಇರಲು ಸಾಧ್ಯವಿರಲಿಲ್ಲ.

ಭೂವಿಜ್ಞಾನಿಗಳು ಹೆಸರಿಡುವ ನಿಯಮ ಏನು?

ದಪ್ಪ ಹರಳಿನ ಕಲ್ಲಿಗೆ ಖನಿಜ ಎಣಿಸುತ್ತಾರೆ, ಸಣ್ಣ ಹರಳಿನ ಲಾವಾಕ್ಕೆ ಆದಷ್ಟೂ ಖನಿಜ ಎಣಿಸಿ, ಆಗದಿದ್ದರೆ ರಸಾಯನ ಅಳೆಯುತ್ತಾರೆ.

ಮೊದಲನೆಯದಕ್ಕೆ ಬಳಸುವುದು ಆಲ್ಬರ್ಟ್ ಸ್ಟ್ರೆಕೈಸೆನ್ ಅವರ ಮುಂದಾಳತ್ವದಲ್ಲಿ, 1970ರ ದಶಕದಲ್ಲಿ, ಅಂತರರಾಷ್ಟ್ರೀಯ ಭೂವಿಜ್ಞಾನ ಒಕ್ಕೂಟ ಒಪ್ಪಿಕೊಂಡ ಕ್ಯೂಎಪಿಎಫ್ ನಕ್ಷೆ. ಬೆಣಚು, ಕ್ಷಾರ ಫೆಲ್ಡ್‌ಸ್ಪಾರ್ (ಪೊಟ್ಯಾಸಿಯಂ, ಸೋಡಿಯಂ ಹೆಚ್ಚಿರುವುದು), ಪ್ಲೇಜಿಯೋಕ್ಲೇಸ್, ಫೆಲ್ಡ್‌ಸ್ಪಾಥಾಯ್ಡ್ (ಸಿಲಿಕಾ ಸಾಲದಾದಾಗ ಫೆಲ್ಡ್‌ಸ್ಪಾರಿನ ಬದಲು ಬರುವ ಖನಿಜ) ಈ ನಾಲ್ಕನ್ನು ಮಾತ್ರ ಲೆಕ್ಕಕ್ಕೆ ಹಿಡಿದು ನೂರಕ್ಕೆ ಸರಿಹೊಂದಿಸುತ್ತಾರೆ. ಅದರಲ್ಲಿ ಬೆಣಚು ಶೇಕಡಾ 20ರಿಂದ 60 ಇರಬೇಕು. ಒಟ್ಟು ಫೆಲ್ಡ್‌ಸ್ಪಾರಿನಲ್ಲಿ ಪ್ಲೇಜಿಯೋಕ್ಲೇಸಿನ ಪಾಲು ಶೇಕಡಾ 10ರಿಂದ 65 ಇರಬೇಕು. ಆಗ ಅದು ಗ್ರಾನೈಟ್. ಪ್ಲೇಜಿಯೋಕ್ಲೇಸ್ 65 ದಾಟಿದರೆ ಗ್ರಾನೋಡಯೋರೈಟ್, 90 ದಾಟಿದರೆ ಟೋನಲೈಟ್. ದಾರಿಯಲ್ಲಿ ನೋಡಿ "ಗ್ರಾನೈಟ್" ಅನ್ನುವ ಎಷ್ಟೋ ಕಲ್ಲುಗಳು ಎಣಿಸಿದಾಗ ಗ್ರಾನೋಡಯೋರೈಟ್ ಆಗಿಬಿಡುತ್ತವೆ.

ಲಾವಾಗಳಿಗೂ ಇಂಥದೇ ನಕ್ಷೆ ಇದೆ. ಆದರೆ ಅದರಲ್ಲಿ ಬಸಾಲ್ಟ್ ಮತ್ತು ಅದಕ್ಕಿಂತ ಸಿಲಿಕಾ ಹೆಚ್ಚಿರುವ ಆಂಡಸೈಟ್ ಎಂಬ ಲಾವಾಶಿಲೆ ಒಂದೇ ಮನೆಯಲ್ಲಿ ಬೀಳುತ್ತವೆ. ಬೇರ್ಪಡಿಸಲು ರಸಾಯನ ಬೇಕೇ ಬೇಕು. ಅದಕ್ಕೆ 1986ರಲ್ಲಿ ಲೆ ಬಾ ಮತ್ತು ಜೊತೆಗಾರರು ಪ್ರಕಟಿಸಿದ ಟಿಎಎಸ್ ನಕ್ಷೆ ಇದೆ. ಒಂದು ಅಕ್ಷದಲ್ಲಿ ಸಿಲಿಕಾ, ಇನ್ನೊಂದರಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಆಕ್ಸೈಡುಗಳ ಮೊತ್ತ. ಸಿಲಿಕಾ 45ರಿಂದ 52, ಕ್ಷಾರಗಳ ಮೊತ್ತ 5ರೊಳಗೆ ಇದ್ದರೆ ಬಸಾಲ್ಟ್.

ಎರಡೂ ನಕ್ಷೆಗಳಲ್ಲಿ ಹುಟ್ಟಿನ ಮಾತೇ ಇಲ್ಲ ಎಂಬುದನ್ನು ಗಮನಿಸಿ. ಇದನ್ನು ಬೇಕೆಂದೇ ಹಾಗೆ ಮಾಡಿದ್ದಾರೆ. ಕಲ್ಲಿನಲ್ಲಿ ಇರುವುದನ್ನು ಅಳೆಯಬಹುದು, ಹುಟ್ಟನ್ನು ಊಹಿಸಬೇಕು. ಊಹೆ ಬದಲಾದಾಗಲೆಲ್ಲ ಹೆಸರು ಬದಲಾಯಿಸುತ್ತಾ ಕೂತರೆ ಯಾರಿಗೂ ಯಾರ ಮಾತೂ ಅರ್ಥವಾಗುವುದಿಲ್ಲ.

ಹುಟ್ಟಿನ ಆಧಾರದ ಮೇಲೆ ವರ್ಗ ಮಾಡಿದವರೇ ಇಲ್ವಾ?

ಇದ್ದಾರೆ. 1974ರಲ್ಲಿ ಚಾಪೆಲ್ ಮತ್ತು ವೈಟ್ ಆಗ್ನೇಯ ಆಸ್ಟ್ರೇಲಿಯಾದ ಗ್ರಾನೈಟುಗಳನ್ನು ಎರಡು ಗುಂಪು ಮಾಡಿದರು. ಹಳೆಯ ಅಗ್ನಿಶಿಲೆ ಕರಗಿ ಬಂದದ್ದು ಐ ಬಗೆ, ಅದರಲ್ಲಿ ಹಾರ್ನ್‌ಬ್ಲೆಂಡ್ ಸಾಮಾನ್ಯ. ಕೆಸರು, ಜೇಡಿಯಿಂದಾದ ಪದರಶಿಲೆ ಕರಗಿ ಬಂದದ್ದು ಎಸ್ ಬಗೆ, ಅದರಲ್ಲಿ ಬಿಳಿ ಅಭ್ರಕ, ಗಾರ್ನೆಟ್, ಕಾರ್ಡಿಯರೈಟ್ ಸಿಗುತ್ತವೆ. 1979ರಲ್ಲಿ ಎ ಬಗೆ ಸೇರಿತು. ಪರ್ವತ ಕಟ್ಟುವ ಚಟುವಟಿಕೆ ಇಲ್ಲದ ಕಡೆ ಬಂದ, ಹೆಚ್ಚು ಬಿಸಿಯ, ನೀರು ಕಡಿಮೆ ಇರುವ ಗ್ರಾನೈಟ್ ಅದು.

ಇವು ಬಹಳ ಉಪಯುಕ್ತ. ಆದರೆ ನನ್ನ ಅಭಿಪ್ರಾಯದಲ್ಲಿ ಇವನ್ನು ಹೆಸರಿನಂತೆ ಅಲ್ಲ, ವಾದದಂತೆ ಓದಬೇಕು. ಒಂದೇ ಗ್ರಾನೈಟಿನಲ್ಲಿ ಮ್ಯಾಂಟಲಿನ ಪಾಲೂ ಕೆಸರುಶಿಲೆಯ ಪಾಲೂ ಬೆರೆತಿರುವುದು ಸಾಮಾನ್ಯ. ಆಗ ಒಂದೇ ಅಕ್ಷರದ ಚೀಟಿ ಅಂಟಿಸುವುದು ಕಷ್ಟ.

ಬಸಾಲ್ಟಿನಲ್ಲೂ ಒಳಜಾತಿಗಳಿವೆ. ಮುಖ್ಯವಾದವು ಥೋಲಿಯೈಟ್ ಮತ್ತು (ಸೋಡಿಯಂ, ಪೊಟ್ಯಾಸಿಯಂ ಹೆಚ್ಚಿರುವ) ಕ್ಷಾರ ಬಸಾಲ್ಟ್. ಮ್ಯಾಂಟಲ್ ಜಾಸ್ತಿ ಕರಗಿದರೆ ಥೋಲಿಯೈಟ್, ಆಳದಲ್ಲಿ ಸ್ವಲ್ಪವೇ ಕರಗಿದರೆ ಕ್ಷಾರ ಬಸಾಲ್ಟ್. ಹವಾಯಿಯ ಜ್ವಾಲಾಮುಖಿಗಳ ದೊಡ್ಡ ಮೈಯೆಲ್ಲ ಥೋಲಿಯೈಟ್. ವಯಸ್ಸಾಗಿ ಬಿಸಿ ಮೂಲದಿಂದ ದೂರ ಸರಿದ ಮೇಲೆ ತುದಿಯಲ್ಲಿ ಕ್ಷಾರ ಬಸಾಲ್ಟಿನ ಟೋಪಿ ಬರುತ್ತದೆ.

ಕಲ್ಲಿನ ವ್ಯಾಪಾರದಲ್ಲಿ "ಕಪ್ಪು ಗ್ರಾನೈಟ್" ಅನ್ನುತ್ತಾರಲ್ಲ?

ಅದು ಗ್ರಾನೈಟ್ ಅಲ್ಲ. ಬಹುತೇಕ ಡೋಲರೈಟ್ ಇಲ್ಲವೇ ಗ್ಯಾಬ್ರೋ, ಅಂದರೆ ಬಸಾಲ್ಟಿನ ರಕ್ತಸಂಬಂಧಿ. ವ್ಯಾಪಾರದಲ್ಲಿ ಪಾಲಿಷ್ ಹಿಡಿಯುವ ಗಟ್ಟಿ ಕಲ್ಲಿಗೆಲ್ಲ ಗ್ರಾನೈಟ್ ಎಂದೇ ಹೆಸರು.

ಯಾವುದು ಹಳೆಯದು?

ಕಲ್ಲಿನ ಜಾತಿಗೆ ವಯಸ್ಸಿಲ್ಲ. ಜಪಾನಿನ ಕುರೊಬೆಗಾವಾ ಗ್ರಾನೈಟ್ ಸುಮಾರು 8 ಲಕ್ಷ ವರ್ಷದ್ದು, ಭೂವಿಜ್ಞಾನದ ಲೆಕ್ಕದಲ್ಲಿ ಕೂಸು. ಬಸಾಲ್ಟಿನಲ್ಲಿ 300 ಕೋಟಿ ವರ್ಷ ದಾಟಿದವೂ ಇವೆ.

ಆದರೆ ಒಂದು ದೊಡ್ಡ ಅಂತರ ಇದ್ದೇ ಇದೆ. ಸಾಗರತಳದ ಬಸಾಲ್ಟ್ ತೊಗಟೆ 6–7 ಕಿಲೋಮೀಟರ್ ದಪ್ಪ. ಗ್ರಾನೈಟಿನ ಸಾಂದ್ರತೆ ಘನ ಸೆಂಟಿಮೀಟರಿಗೆ 2.6–2.7 ಗ್ರಾಂ ಇದ್ದರೆ ಬಸಾಲ್ಟಿನದು 2.8–3.0. ವಯಸ್ಸಾದಂತೆ ತಣಿದು ಭಾರವಾಗುವ ಸಾಗರ ಫಲಕ ಮ್ಯಾಂಟಲಿನೊಳಗೆ ಮುಳುಗುತ್ತದೆ. ಅದಕ್ಕೇ ಪೆಸಿಫಿಕ್‌ನಂಥ ವಿಶಾಲ ಸಾಗರಗಳ ತಳದಲ್ಲಿ ಸುಮಾರು 18 ಕೋಟಿ ವರ್ಷಕ್ಕಿಂತ ಹಳೆಯ ನೆಲ ಸಿಗುವುದಿಲ್ಲ. ಹಗುರವಾದ ಗ್ರಾನೈಟ್ ಬಗೆಯ ಕಲ್ಲುಗಳಿರುವ ಖಂಡ ತೇಲಿಕೊಂಡೇ ಉಳಿಯುತ್ತದೆ. ಕೆನಡಾದ ಅಕಾಸ್ಟಾ ನೈಸ್ (ಬಿಸಿ, ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದ ಪಟ್ಟೆಯ ಕಲ್ಲು) ಸುಮಾರು 400 ಕೋಟಿ ವರ್ಷದ್ದು. ಅದು ಮೂಲದಲ್ಲಿ ಗ್ರಾನೈಟಿನ ನೆಂಟರಾದ ಕಲ್ಲುಗಳೇ.

ಬೇರೆ ಗ್ರಹಗಳಲ್ಲಿ ಇವು ಇವೆಯಾ?

ಬಸಾಲ್ಟ್ ಎಲ್ಲೆಲ್ಲೂ ಇದೆ. ಚಂದ್ರನ ಮೇಲೆ ಕಾಣುವ ಕಪ್ಪು ಮಚ್ಚೆಗಳು ಬಸಾಲ್ಟ್ ಬಯಲುಗಳು. 1969ರಲ್ಲಿ ಅಪೊಲೊ 11 ತಂದ ಕಲ್ಲುಗಳಲ್ಲೇ ಅದು ಖಚಿತವಾಯಿತು. ಮಂಗಳದ ನೆಲವೂ ಬಹುಪಾಲು ಬಸಾಲ್ಟ್. ಗ್ರಾನೈಟ್ ಮಾತ್ರ ಅಪರೂಪ. ಚಂದ್ರನ ಮಾದರಿಗಳಲ್ಲಿ ಸಣ್ಣ ಚೂರುಗಳು ಸಿಕ್ಕಿವೆ, ಆದರೆ ಭೂಮಿಯ ಖಂಡಗಳಂಥ ಗ್ರಾನೈಟ್ ರಾಶಿ ಬೇರೆಲ್ಲೂ ಕಂಡುಬಂದಿಲ್ಲ. ಮ್ಯಾಂಟಲ್ ಸ್ವಲ್ಪ ಕರಗಿದರೆ ಬಸಾಲ್ಟ್ ಸಿಗುತ್ತದೆ. ಗ್ರಾನೈಟನ್ನು ಈ ಪ್ರಮಾಣದಲ್ಲಿ ಮಾಡಲು ನೀರು ಬೇಕು, ಮತ್ತು ಆ ನೀರನ್ನು ಆಳಕ್ಕೆ ಒಯ್ಯುವ ಫಲಕಗಳ ಚಲನೆ ಬೇಕು.

ಆರು ಮೂಲೆಯ ಕಂಬಗಳು ಕಂಡರೆ ಅದು ಬಸಾಲ್ಟೇ ಅಲ್ವಾ?

ಬಹುತೇಕ ಹೌದು, ಖಂಡಿತ ಎಂದಲ್ಲ. ಉತ್ತರ ಐರ್ಲೆಂಡಿನ ಜಯಂಟ್ಸ್ ಕಾಸ್‌ವೇಯಲ್ಲಿರುವ ಸುಮಾರು 40,000 ಕಂಬಗಳು ಬಸಾಲ್ಟ್. ಅಮೆರಿಕದ ಡೆವಿಲ್ಸ್ ಟವರ್ ಫೋನೊಲೈಟ್ ಎಂಬ ಬೇರೆ ಜಾತಿಯ ಅಗ್ನಿಶಿಲೆ. ಕಂಬ ಮೂಡುವುದು ತಣಿಯುವಾಗ ಕಲ್ಲು ಕುಗ್ಗಿ ಬಿರುಕು ಬಿಡುವುದರಿಂದ, ರಸಾಯನದಿಂದಲ್ಲ.

ಕೈಯಲ್ಲಿ ಒಂದು ಕಲ್ಲಿದೆ. ಯಾವುದೆಂದು ಹೇಗೆ ಹೇಳುವುದು?

ಮೊದಲು ಹೊಸದಾಗಿ ಒಡೆದ ಮುಖ ನೋಡಿ. ಹಳೆಯ ಮುಖದ ಮೇಲೆ ಬಿಸಿಲು ಮಳೆಯ ಬಣ್ಣ ಕೂತಿರುತ್ತದೆ, ನಂಬಬೇಡಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇದ್ದರೆ ಒಳ್ಳೆಯದು.

ಒಂದಕ್ಕೊಂದು ಹೆಣೆದುಕೊಂಡ ಹರಳುಗಳು ಕಾಣುತ್ತಿವೆಯಾ? ಹಾಗಾದರೆ ಬೆಣಚು ಹುಡುಕಿ. ಅದು ಬೂದು ಬಣ್ಣದ ಗಾಜಿನ ಚೂರಿನಂತೆ ಕಾಣುತ್ತದೆ. ಅದಕ್ಕೆ ನಿರ್ದಿಷ್ಟ ಸೀಳು ಇಲ್ಲ. ಪಕ್ಕದ ಗುಲಾಬಿ ಇಲ್ಲವೇ ಬಿಳಿ ಫೆಲ್ಡ್‌ಸ್ಪಾರ್ ಚಪ್ಪಟೆಯಾಗಿ ಸೀಳಿ ಬೆಳಕಿಗೆ ಮಿಂಚುತ್ತದೆ. ಬೆಣಚು ಧಾರಾಳವಾಗಿ ಇದ್ದರೆ ಗ್ರಾನೈಟ್ ಕುಟುಂಬ. ಬೆಣಚೇ ಇಲ್ಲದೆ ಕಪ್ಪು ಪೈರಾಕ್ಸೀನ್ ತುಂಬಿದ್ದರೆ ಗ್ಯಾಬ್ರೋ ಇರಬಹುದು.

ಹರಳು ಕಾಣದ, ಕಪ್ಪು, ಕೈಗೆ ಭಾರವೆನಿಸುವ ಕಲ್ಲಾದರೆ ಬಸಾಲ್ಟ್ ಇರುವ ಸಾಧ್ಯತೆ ಹೆಚ್ಚು. ಗುಳ್ಳೆಯ ತೂತುಗಳಿದ್ದರೆ ಅದು ಲಾವಾ ಎಂಬುದಕ್ಕೆ ಒಳ್ಳೆಯ ಸಾಕ್ಷಿ. ಆ ತೂತುಗಳಲ್ಲಿ ಬಿಳಿ ಜಿಯೋಲೈಟ್ ಇಲ್ಲವೇ ಕ್ಯಾಲ್ಸೈಟ್ ತುಂಬಿರುವುದೂ ಉಂಟು. ದಾರ ಕಟ್ಟಿ ತೂಗುಬಿಟ್ಟ ಅಯಸ್ಕಾಂತವನ್ನು ಹತ್ತಿರ ತನ್ನಿ. ಮ್ಯಾಗ್ನಟೈಟ್ ಎಂಬ ಕಬ್ಬಿಣದ ಆಕ್ಸೈಡ್ ಇರುವ ಬಸಾಲ್ಟ್ ಅದನ್ನು ತುಸು ಎಳೆಯುತ್ತದೆ. ಆದರೆ ಕೆಲವು ಗ್ರಾನೈಟುಗಳೂ ಎಳೆಯುತ್ತವೆ, ಹಾಗಾಗಿ ಇದೊಂದನ್ನೇ ನೆಚ್ಚಿಕೊಳ್ಳಬೇಡಿ.

ಬಣ್ಣವನ್ನು ಕೊನೆಗೆ ಇಟ್ಟುಕೊಳ್ಳಿ. ಅಬ್ಸಿಡಿಯನ್ ಕಡುಕಪ್ಪಗಿದ್ದರೂ ರಸಾಯನದಲ್ಲಿ ಗ್ರಾನೈಟಿನ ಕಡೆಯದು. ಬಸಾಲ್ಟೋ ಆಂಡಸೈಟೋ ಎಂಬ ಅನುಮಾನ ಉಳಿದರೆ ಕಣ್ಣಿನಿಂದ ಅದು ಬಗೆಹರಿಯುವುದಿಲ್ಲ. ಕಲ್ಲನ್ನು ತೆಳುವಾಗಿ, 0.03 ಮಿಲಿಮೀಟರಿಗೆ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಇಲ್ಲವೇ ಸಿಲಿಕಾ ಅಳೆಯಲು ಪ್ರಯೋಗಾಲಯಕ್ಕೆ ಕಳಿಸಬೇಕು. ಕಳಿಸುವಾಗ ಕಲ್ಲು ಸಿಕ್ಕಿದ ಜಾಗ, ಸುತ್ತಲಿನ ಕಲ್ಲಿನ ಜೊತೆ ಅದು ಹೇಗೆ ಸೇರಿತ್ತು ಎಂಬುದನ್ನೂ ಬರೆದು ಕಳಿಸಿ. ಹೆಸರು ಹೇಳಲು ಚೂರು ಸಾಕು. ಹುಟ್ಟು ಹೇಳಲು ಆ ಟಿಪ್ಪಣಿಯೂ ಬೇಕಾಗುತ್ತದೆ.